ಮೂರಕ್ಷರದ ಪಟ್ಟಿ

ಸೂಜಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಆ ನಾಲ್ಕಂತಸ್ತಿನ ಕಟ್ಟಡದವರೆಲ್ಲ ಹೇಳಿಕೊಂಡು ತಿರುಗುತ್ತಿದ್ದರು. ಅವರಿಗೇನು ಗೊತ್ತು. ಮೂಗಿನ ತುದಿಯ ಕೋಪ ಒಂದು ಸೀನಿಗೆ ಹಾರಿಹೋಗುವಂಥದ್ದು. ಇವಳದು ಹೊಟ್ಟೆಯೊಳಗಿನ ಕೋಪ, ಇಸ್ತ್ರಿ ಮಾಡಿ ಮಡಿಸಿಟ್ಟ ಬಟ್ಟೆಯ ಹಾಗೆ. ಎಷ್ಟು ತಿಂಗಳು ಬಿಟ್ಟು ತೆಗೆದರೂ ಗೆರೆ ಹಾಗೇ ಇರುತ್ತಿತ್ತು.

ಸೂಜಿ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಕೆಳಮನೆಯ ಕಿಟಕಿಯ ಪಕ್ಕ ಹೊಲಿಗೆ ಯಂತ್ರ ಹಾಕಿಕೊಂಡು ಕೂತವಳು, ಕಡ್ಡಿಯಂಥ ಮೈ, ಚುಚ್ಚುವ ಮಾತು. ಹೆಸರು ತಾನಾಗಿ ಅಂಟಿಕೊಂಡಿತು. ಗಂಡ ಬಸ್ ಕಂಡಕ್ಟರ್. ರೋಗ ಬಂದು, ಲಾಕ್‌ಡೌನ್ ಆಗಿ, ಬಸ್ಸುಗಳೆಲ್ಲ ಡಿಪೋ ಸೇರಿದ ಮೇಲೆ ಅವನು ಎರಡು ಕೋಣೆಯ ಮನೆಯನ್ನೇ ಬಸ್ಸು ಮಾಡಿಕೊಂಡಿದ್ದ. ಅಡುಗೆಮನೆಗೆ ಬಂದರೆ "ಮುಂದೆ ಹೋಗಿ, ಸ್ವಲ್ಪ ಮುಂದೆ ಹೋಗಿ" ಎಂದು ಹೆಂಡತಿಯನ್ನೇ ಒತ್ತರಿಸುತ್ತಿದ್ದ. ಮೊದಲ ವಾರ ಅವಳು ನಕ್ಕಳು. ಎರಡನೆಯ ವಾರ ಅವನ ಕೈಗೆ ಪಾತ್ರೆ ಉಜ್ಜುವ ನಾರು ಕೊಟ್ಟಳು.

ಜನ ಒಗ್ಗಿಕೊಂಡರು. ಮೇಲಿನ ಮನೆಗಳವರು ಬಾಲ್ಕನಿಯಿಂದ ಹಗ್ಗಕ್ಕೆ ಬಕೆಟ್ ಕಟ್ಟಿ ಇಳಿಬಿಟ್ಟು ಹಾಲು ಎಳೆದುಕೊಳ್ಳುವುದನ್ನು ಕಲಿತರು. ಬ್ರೆಡ್ಡಿನ ಗಾಡಿ ಬಂದಾಗ ಅಂಗಳದ ಸುಣ್ಣದ ವೃತ್ತಗಳಲ್ಲಿ ಒಬ್ಬೊಬ್ಬರಾಗಿ ನಿಂತರು. ಬಾಗಿಲ ಚಿಲಕವನ್ನು ಮೊಣಕೈಯಿಂದ ತೆಗೆಯುವ ವಿದ್ಯೆ ಎಲ್ಲರಿಗೂ ಬಂತು. ಮೂರನೆಯ ಮಹಡಿಯ ಟೀಚರಮ್ಮ ಸ್ನಾನದ ಮನೆಯಲ್ಲಿ ಕೂತು ಫೋನಿನಲ್ಲಿ ಪಾಠ ಮಾಡಿದರು, ಸದ್ದಿಲ್ಲದ ಜಾಗ ಅದೊಂದೇ ಆಗಿತ್ತು. ಸೂಜಿ ಹಳೆಯ ಹಾಸಿಗೆ ಹೊದಿಕೆಗಳನ್ನು ಕತ್ತರಿಸಿ ಇಡೀ ಕಟ್ಟಡಕ್ಕೆ ಮಾಸ್ಕ್ ಹೊಲಿದುಕೊಟ್ಟಳು. ಬೆಳಿಗ್ಗೆ ಅಂಗಳದಲ್ಲಿ ನಿಂತವರನ್ನು ನೋಡಿದರೆ ಯಾರ ಮನೆಯ ಹಾಸಿಗೆ ಹೇಗಿತ್ತು ಎಂದು ಮುಖದ ಮೇಲೇ ತಿಳಿಯುತ್ತಿತ್ತು.

ಇವರೆಲ್ಲರ ಮೇಲೆ ಒಬ್ಬರಿದ್ದರು. ಕಟ್ಟಡದ ಸಮಿತಿಯ ಕಾರ್ಯದರ್ಶಿ. ಮೂವತ್ತು ವರ್ಷ ಯಾವುದೋ ಗೋದಾಮಿನಲ್ಲಿ ಮೇಲ್ವಿಚಾರಕರಾಗಿ ಡಬ್ಬಿ, ಮೂಟೆ ಎಣಿಸಿ ನಿವೃತ್ತರಾದವರು. ಬಕೆಟ್ ಇಳಿಸುವ ಸರದಿಗೂ ಪಟ್ಟಿ, ತಾರಸಿಯಲ್ಲಿ ಬಟ್ಟೆ ಒಣಗಿಸುವ ಸರದಿಗೂ ಪಟ್ಟಿ. ಜನ ಅವರ ಬೆನ್ನ ಹಿಂದೆ ಪಟ್ಟಿ ಸಾಹೇಬರು ಎನ್ನುತ್ತಿದ್ದರು. ಅವರಿಗೆ ಇನ್ನೊಂದು ಅಭ್ಯಾಸವಿತ್ತು. ಹೆಂಗಸರ ಜೊತೆ ಮಾತಾಡುವಾಗ ಪ್ರತಿ ಮಾತಿನ ಬಾಲಕ್ಕೂ ಒಂದು ಅಮ್ಮ ಸೇರಿಸುತ್ತಿದ್ದರು. ನೋಡಮ್ಮ, ಹೌದಮ್ಮ, ಆಗಲ್ಲಮ್ಮ. ಕೇಳುವುದಕ್ಕೆ ತುಂಬ ಮರ್ಯಾದೆಯಾಗಿರುತ್ತಿತ್ತು.

ಊರ ನಡುವಿನ ಸೇತುವೆಗೆ ಪೊಲೀಸರು ಅಡ್ಡ ಹಾಕಿದ ಮೇಲೆ ನಗರಸಭೆಯವರು ಒಂದೊಂದು ಕಟ್ಟಡದ ಕಾರ್ಯದರ್ಶಿಗೂ ಒಂದು ಪಾಸ್ ಪುಸ್ತಕ ಕೊಟ್ಟರು. ಆ ಕಡೆ ಯಾರದಾದರೂ ಉಸಿರು ಹೋಗುವಂತಿದ್ದರೆ ಈ ಕಡೆಯವರು ಪಾಸ್ ಹಿಡಿದು ಹೋಗಿ ನೋಡಿ ಬರಬಹುದು. ಯಾರನ್ನು ನೋಡಬಹುದು ಎಂಬುದು ಪುಸ್ತಕದ ರಟ್ಟಿನ ಮೇಲೆ ಅಚ್ಚಾಗಿತ್ತು: ತಂದೆ, ತಾಯಿ, ಗಂಡ, ಹೆಂಡತಿ, ಮಕ್ಕಳು. ಅಷ್ಟೇ. ಪಟ್ಟಿ ಸಾಹೇಬರಿಗೆ ಜೀವಮಾನದಲ್ಲಿ ಇಷ್ಟು ಚೊಕ್ಕವಾದ ಪಟ್ಟಿ ಸಿಕ್ಕಿರಲಿಲ್ಲ.

ಸೂಜಿಯ ದೊಡ್ಡಮ್ಮ ಸೇತುವೆಯ ಆ ಕಡೆ ಇದ್ದಳು. ಅವಳಿಗೆ ಬಂದದ್ದು ಈ ರೋಗವಲ್ಲ, ವಯಸ್ಸು. ಹೃದಯ ಒಂದು ಹೊತ್ತು ನಡೆದು ಒಂದು ಹೊತ್ತು ಕೂರುತ್ತಿತ್ತು. ಪಕ್ಕದ ಮನೆಯ ನರ್ಸ್ ಫೋನ್ ಮಾಡಿ, "ಇನ್ನು ನಾಲ್ಕೈದು ದಿನ ಅಷ್ಟೇ ಕಣೇ, ನಿನ್ನನ್ನೇ ಕೇಳ್ತಿದಾರೆ, ಹೇಗಾದ್ರೂ ಬಾ" ಎಂದಳು.

ಸೂಜಿಯನ್ನು ಹೆತ್ತವಳು ಅವಳಿಗೆ ಮೂರು ವರ್ಷವಾದಾಗಲೇ ಹೋಗಿಬಿಟ್ಟಿದ್ದಳು. ಅಂದಿನಿಂದ ಎತ್ತಿದವಳು, ತುತ್ತಿಟ್ಟವಳು, ಬೆರಳು ಹಿಡಿದು ಸೂಜಿಗೆ ದಾರ ಪೋಣಿಸಲು ಕಲಿಸಿದವಳು ದೊಡ್ಡಮ್ಮ. ಮಗು ಒಮ್ಮೆ ಅಮ್ಮ ಎಂದು ಕರೆದಾಗ ಅವಳು ತಡೆದಿದ್ದಳಂತೆ. "ಆ ಹೆಸರು ನನ್ನ ತಂಗೀದು. ಅದನ್ನ ನಾನು ಕದಿಯಲ್ಲ. ನನಗೆ ದೊಡ್ಡಮ್ಮ ಅನ್ನು. ಅದ್ರಲ್ಲೂ ಅಮ್ಮ ಇದೆಯಲ್ಲ." ಮಗು ಹಾಗೇ ಕರೆಯಿತು, ನಲವತ್ತು ವರ್ಷ.

ಸೂಜಿ ಪಟ್ಟಿ ಸಾಹೇಬರ ಬಾಗಿಲಿಗೆ ಹೋದಳು. ಅವರು ಬಾಗಿಲಿಗೆ ಅಡ್ಡವಾಗಿ ಮೇಜು ಇಟ್ಟುಕೊಂಡು ಆ ಕಡೆ ಕೂತಿದ್ದರು.

"ಯಾರಮ್ಮ ಅವರು ನಿನಗೆ?"

"ದೊಡ್ಡಮ್ಮ ಸಾರ್."

"ಅಂದ್ರೆ ತಾಯಿಯ ಅಕ್ಕ."

"ಹೂಂ. ಆದ್ರೆ ಸಾಕಿದ್ದೆಲ್ಲ ಅವರೇ ಸಾರ್. ನನಗೆ ಬೇರೆ ಯಾರೂ ಗೊತ್ತಿಲ್ಲ."

"ಸಾಕಿದ್ದು ಬೇರೆ ವಿಷಯಮ್ಮ. ನೋಡಮ್ಮ, ಪಟ್ಟೀಲಿ ತಾಯಿ ಇದಾರೆ. ದೊಡ್ಡಮ್ಮ ಇಲ್ಲಮ್ಮ. ನಾನೇನು ಮಾಡ್ಲಮ್ಮ?"

ಒಂದೇ ಉಸಿರಿಗೆ, ದೊಡ್ಡಮ್ಮನದೂ ಸೇರಿ, ಐದು ಅಮ್ಮ. ಸೂಜಿ ಮನಸ್ಸಿನಲ್ಲೇ ಎಣಿಸಿದಳು. ಎರಡನೆಯ ದಿನ ಹೋದಳು, ನರ್ಸ್ ಕಳಿಸಿದ ಡಾಕ್ಟರ ಚೀಟಿಯನ್ನು ಫೋನಿನಲ್ಲಿ ತೋರಿಸಿದಳು. ಮೂರನೆಯ ದಿನ ಹೋಗಿ, ಯಾರ ಮುಂದೆಯೂ ಬಗ್ಗದವಳು, ಕೈ ಮುಗಿದಳು. "ನಿಯಮ ಎಲ್ಲರಿಗೂ ಒಂದೇ ಅಲ್ವೇನಮ್ಮ" ಎಂದು ಅವರು ಮೇಜಿನ ಮೇಲಿದ್ದ ಪುಸ್ತಕವನ್ನು ತಮ್ಮ ಕಡೆಗೆ ಒಂದು ಅಂಗುಲ ಎಳೆದುಕೊಂಡರು.

ಆ ಸಂಜೆ ನರ್ಸ್ ವಿಡಿಯೋ ಕರೆ ಮಾಡಿ ಫೋನನ್ನು ದೊಡ್ಡಮ್ಮನ ಮುಖದ ಹತ್ತಿರ ಹಿಡಿದಳು. ದೊಡ್ಡಮ್ಮ ಪರದೆಯ ಮೇಲೆ ಬೆರಳು ಆಡಿಸಿ, "ಯಾವಾಗ ಬರ್ತೀಯ?" ಎಂದಳು. "ನಾಳೆ" ಎಂದಳು ಸೂಜಿ. ಆ ನಾಳೆಯ ಬೆಳಿಗ್ಗೆ ಹತ್ತು ಗಂಟೆಗೆ ದೊಡ್ಡಮ್ಮ ಹೋದಳು. ಸುದ್ದಿ ತಿಳಿದು ಪಟ್ಟಿ ಸಾಹೇಬರು ಕೆಳಗಿಳಿದು ಬಂದು, ಎರಡು ಮೀಟರ್ ದೂರದಲ್ಲಿ ನಿಂತು, "ಸಮಾಧಾನ ಮಾಡ್ಕೊಳಮ್ಮ" ಎಂದರು.

ಸೂಜಿ ಅಳಲಿಲ್ಲ. ಅವರ ಕಾಲರ್ ನೋಡಿದಳು, ಭುಜ ನೋಡಿದಳು, ಬೆನ್ನಿನ ಅಗಲ ನೋಡಿದಳು. ಹೊಲಿಗೆಯವಳ ಕಣ್ಣು ಏನು ನೋಡಿದರೂ ಅಳತೆ ತೆಗೆದುಕೊಳ್ಳುತ್ತದೆ. ಒಂದು ದಿನ ಈ ಮನುಷ್ಯ ತನ್ನ ಕತ್ತರಿಯ ಕೆಳಗೆ ಬರಲೇಬೇಕು ಎಂದು ಅವಳು ಅಂದೇ ತೀರ್ಮಾನ ಮಾಡಿಕೊಂಡಳು. ಗಂಡ ಸಮಾಧಾನ ಹೇಳಲು ಬಂದಾಗ ಅವನಿಗೂ ಹೇಳಿದಳು. "ರೀ, ನಾನು ಇದನ್ನ ಹೊಟ್ಟೆಗೆ ಹಾಕ್ಕೊಳ್ಳಲ್ಲ. ಅವರಿಗೆ ಇದನ್ನ ವಾಪಸ್ ಕೊಡ್ದೆ ಬಿಡಲ್ಲ." ಕಂಡಕ್ಟರ್ ಒಮ್ಮೆ ಅವಳ ಮುಖ ನೋಡಿ, ಪಾತ್ರೆ ಉಜ್ಜಲು ಹೋದ.

ಅವಳ ಗೋಡೆಯ ಮೊಳೆಗೆ ದೊಡ್ಡಮ್ಮನ ಒಂದು ಬಿಳಿ ಹತ್ತಿ ಅಂಗಿ ನೇತಾಡುತ್ತಿತ್ತು. ಗುಂಡಿ ಬದಲಾಯಿಸಿ ಕೊಡು ಎಂದು ಲಾಕ್‌ಡೌನಿಗೆ ಮುಂಚೆ ಕೊಟ್ಟಿದ್ದು. ಸೂಜಿ ಐದು ಗುಂಡಿಗಳನ್ನೂ ಹಾಕಿ, ಇಸ್ತ್ರಿ ಮಾಡಿ, ಮತ್ತೆ ಅದೇ ಮೊಳೆಗೆ ನೇತುಹಾಕಿದಳು.

ತಿಂಗಳು ಎರಡಾಯಿತು, ಮೂರಾಯಿತು. ಅವಳು ಯಾರ ಜೊತೆಯೂ ಜಗಳ ಆಡಲಿಲ್ಲ. ಪಟ್ಟಿ ಸಾಹೇಬರಿಗೆ ಎರಡು ಮಾಸ್ಕ್ ಹೊಲಿದುಕೊಟ್ಟಳು, ಚೆನ್ನಾಗಿಯೇ. "ಸೂಜಿ ತಣ್ಣಗಾದಳು" ಎಂದರು ಜನ. ಮನೆಯಲ್ಲೇ ಕೂತು ಕೂತು ಎಲ್ಲರೂ ಉಬ್ಬಿದ್ದರು. ಪಟ್ಟಿ ಸಾಹೇಬರು ಎಲ್ಲರಿಗಿಂತ ಒಂದು ಕೈ ಮೇಲೆ ಉಬ್ಬಿದ್ದರು. ಅವಳು ಕಿಟಕಿಯಿಂದ ನೋಡುತ್ತ ಅವರ ಸುತ್ತಳತೆಯ ಲೆಕ್ಕ ಹಾಕುತ್ತಿದ್ದಳು: ನಲವತ್ತೊಂದು ಇಂಚು, ನಲವತ್ತೆರಡು, ಈ ವಾರ ನಲವತ್ತನಾಲ್ಕು.

ಆಮೇಲೆ ಆ ಸುದ್ದಿ ಬಂತು. ನಿಯಮಗಳನ್ನು ಅತ್ಯಂತ ಕಟ್ಟುನಿಟ್ಟಾಗಿ ಪಾಲಿಸಿದ ಕಾರ್ಯದರ್ಶಿ ಎಂದು ನಗರಸಭೆ ಪಟ್ಟಿ ಸಾಹೇಬರಿಗೆ ಪ್ರಶಸ್ತಿಪತ್ರ ಕೊಡುತ್ತದಂತೆ. ಅಧಿಕಾರಿಯೊಬ್ಬರು ಭಾನುವಾರ ಅಂಗಳಕ್ಕೇ ಬರುತ್ತಾರಂತೆ. ಕಟ್ಟಡದವರು ಬಾಲ್ಕನಿಗಳಲ್ಲಿ ನಿಂತು ಚಪ್ಪಾಳೆ ತಟ್ಟಬೇಕಂತೆ. ಇದಕ್ಕೂ ಒಂದು ಪಟ್ಟಿ ಬಂತು, ಯಾರ ಮನೆಯವರು ಯಾವ ಬಾಲ್ಕನಿಯಲ್ಲಿ ಎಂದು.

ಶುಕ್ರವಾರ ಪಟ್ಟಿ ಸಾಹೇಬರು ಒಂದು ಕಪ್ಪು ಕೋಟು ಹಿಡಿದು ಸೂಜಿಯ ಕಿಟಕಿಗೆ ಬಂದರು. ನಿವೃತ್ತಿಯ ದಿನ ಹಾಕಿದ್ದ ಕೋಟು. ಪೇಟೆಯ ದರ್ಜಿ ಅಂಗಡಿಗಳೆಲ್ಲ ಮುಚ್ಚಿದ್ದವು.

"ಸ್ವಲ್ಪ ಬಿಗಿಯಾಗಿದೆಯಮ್ಮ. ಒಂದಿಂಚು ಬಿಟ್ಟುಕೊಟ್ರೆ ಸಾಕಮ್ಮ."

"ಅಳತೆ ಬೇಕು ಸಾರ್. ನಾನು ಹತ್ರ ಬರೋ ಹಾಗಿಲ್ಲ, ನಿಮ್ಮದೇ ನಿಯಮ. ಟೇಪ್ ಕೊಡ್ತೀನಿ, ನೀವೇ ಸುತ್ತಿಕೊಂಡು ಓದಿ ಹೇಳಿ."

ಅವರು ಟೇಪ್ ಸುತ್ತಿಕೊಂಡರು. ಹೊಟ್ಟೆಯನ್ನು ಬೆನ್ನಿಗೆ ಅಂಟುವಷ್ಟು ಒಳಗೆಳೆದರು. ಮುಖ ಕೆಂಪಾಯಿತು. ಟೇಪನ್ನು ನೋಡಿದರು, ಅಂಗಳದಲ್ಲಿ ಯಾರಾದರೂ ಇದ್ದಾರೆಯೇ ಎಂದು ನೋಡಿದರು.

"ನಲವತ್ತು" ಎಂದರು.

"ಸರಿಯಾಗಿ ನೋಡಿದ್ರಾ ಸಾರ್?"

"ನಲವತ್ತೇ ಅಮ್ಮ. ನಾನು ಸುಳ್ಳು ಹೇಳ್ತೀನಾ?"

ಅವಳು ಸೀಮೆಸುಣ್ಣದಿಂದ ಕೋಟಿನ ಒಳಬದಿಯಲ್ಲಿ ನಲವತ್ತು ಎಂದು ಬರೆದಳು. ಅಂಕಿಯ ಕೆಳಗೆ ಒಂದು ಗೆರೆಯನ್ನೂ ಎಳೆದಳು, ಖುಷಿಯಿಂದ.

ಬಟ್ಟೆಯ ಎರಡು ತುಂಡುಗಳನ್ನು ಯಂತ್ರಕ್ಕೆ ಕೊಡುವ ಮುಂಚೆ, ಅಲುಗಾಡದಿರಲಿ ಎಂದು ಕೈಯಲ್ಲಿ ಉದ್ದುದ್ದ ಹೊಲಿಗೆ ಹಾಕುತ್ತಾರೆ. ಅದು ಕಚ್ಚಾ ಹೊಲಿಗೆ. ಯಂತ್ರದ ಹೊಲಿಗೆ ಬಿದ್ದ ಮೇಲೆ ಅದನ್ನು ಎಳೆದು ಬಿಸಾಡುವುದು. ದೊಡ್ಡಮ್ಮ ಕಲಿಸಿದ ಮೊದಲ ಪಾಠ ಅದೇ. "ಕಚ್ಚಾ ಹೊಲಿಗೆ ಬಿಟ್ಟು ಬಟ್ಟೆ ಕೊಟ್ರೆ ಹಾಕ್ಕೊಂಡವರ ಮಾನ ಹೋಗುತ್ತೆ, ಹೊಲಿದವಳ ಮಾನವೂ ಹೋಗುತ್ತೆ." ಮೂವತ್ತು ವರ್ಷದಲ್ಲಿ ಸೂಜಿ ಒಂದು ಸಲವೂ ಬಿಟ್ಟಿರಲಿಲ್ಲ. ತನ್ನ ಕೈಯ ಹೊಲಿಗೆ ಎಂದರೆ ಹಗ್ಗ ಎಂದು ಜನ ಹೇಳುವುದು ಅವಳಿಗಿದ್ದ ಒಂದೇ ಆಸ್ತಿ. ಅದನ್ನು ಪಣಕ್ಕಿಡುತ್ತಿದ್ದೇನೆ ಎಂದು ಗೊತ್ತಿದ್ದೇ ಅವಳು ಕೋಟಿನ ಬೆನ್ನಿನ ನಡುವಿನ ಹೊಲಿಗೆಯನ್ನು ಕುತ್ತಿಗೆಯಿಂದ ಕೆಳತನಕ ಬಿಚ್ಚಿದಳು.

ಮೊಳೆಯಿಂದ ದೊಡ್ಡಮ್ಮನ ಅಂಗಿ ಇಳಿಸಿದಳು. ಕತ್ತರಿ ಹಾಕುವ ಮುಂಚೆ ಮುಖಕ್ಕೆ ಒತ್ತಿಕೊಂಡಳು. ಇಸ್ತ್ರಿಯ ವಾಸನೆ ಬಿಟ್ಟು ಏನೂ ಉಳಿದಿರಲಿಲ್ಲ, ಅದಕ್ಕೂ ಅವಳಿಗೆ ಸಿಟ್ಟು ಬಂತು. ಬೆನ್ನ ಭಾಗದಿಂದ ಉದ್ದಕ್ಕೆ ಒಂದು ಬಿಳಿ ಪಟ್ಟಿ ಕತ್ತರಿಸಿದಳು. ಪಟ್ಟಿ ಎಂದರೆ ಸಾಹೇಬರ ಪಟ್ಟಿಯಲ್ಲ, ಹೊಲಿಗೆಯವರ ಪಟ್ಟಿ, ಗುಂಡಿ ಸಾಲಿಗೂ ಸೊಂಟಕ್ಕೂ ಹಚ್ಚುವಂಥದ್ದು. ಅದರ ಮೇಲೆ ಕೆಂಪು ದಾರದಲ್ಲಿ ಒಂದರ ಕೆಳಗೊಂದು ಮೂರು ಅಕ್ಷರ ಹೊಲಿದಳು. ಒಂದೊಂದೂ ಅಂಗೈಯಷ್ಟು. ದೊ. ಡ್ಡ. ಮ್ಮ.

ಆ ಪಟ್ಟಿಯನ್ನು ಕೋಟಿನ ಒಳಗೆ, ಮೇಲಿನ ಬಟ್ಟೆಗೂ ಒಳಗಿನ ಅಸ್ತರಿಗೂ ನಡುವೆ, ಅಕ್ಷರ ಹೊರಮುಖವಾಗಿ ಕೂರಿಸಿದಳು. ಅಸ್ತರನ್ನು ಸಡಿಲ ಬಿಟ್ಟಳು. ಮೇಲಿನ ಬಟ್ಟೆಯನ್ನು ಮಾತ್ರ ಸಾಹೇಬರ ಬಾಯಿಂದ ಬಂದ ನಲವತ್ತಕ್ಕೆ ಸರಿಯಾಗಿ, ಎಳೆದರೆ ಕಿತ್ತುಬರುವ ಹಳೆಯ ದಾರದಲ್ಲಿ, ಕಚ್ಚಾ ಹೊಲಿಗೆ ಹಾಕಿ ಮುಚ್ಚಿದಳು. ಇಸ್ತ್ರಿ ಒತ್ತಿದ ಮೇಲೆ ಯಾರ ಕಣ್ಣಿಗೂ ಏನೂ ಕಾಣುವಂತಿರಲಿಲ್ಲ.

ಕೋಟು ಕೊಟ್ಟದ್ದು ಭಾನುವಾರ ಬೆಳಿಗ್ಗೆ, ಅಧಿಕಾರಿಯ ಜೀಪು ಗೇಟಿಗೆ ಬಂದ ಮೇಲೆ. ಪಟ್ಟಿ ಸಾಹೇಬರು ತೊಟ್ಟುಕೊಂಡರು. ಗುಂಡಿ ಹಾಕಲು ಹೊಟ್ಟೆ ಒಳಗೆಳೆದುಕೊಂಡರು.

"ಬಿಗಿನಾ ಸಾರ್?" ಎಂದಳು ಸೂಜಿ. "ನೀವು ಹೇಳಿದ ಅಳತೆಗೇ ಇದೆ. ನಲವತ್ತು."

ಅವರು ಇನ್ನೇನು ಹೇಳಿಯಾರು. "ಸರಿಯಾಗಿದೆಯಮ್ಮ" ಎಂದು ಉಸಿರು ಬಿಗಿಹಿಡಿದು ಅಂಗಳಕ್ಕೆ ನಡೆದರು.

ಅಂಗಳದ ಮೂರು ಕಡೆ ಕಟ್ಟಡ, ನಾಲ್ಕು ಸಾಲು ಬಾಲ್ಕನಿ, ತುಂಬ ಜನ. ಅಧಿಕಾರಿ ಮೈಕಿನಲ್ಲಿ ಶಿಸ್ತು, ನಿಷ್ಠೆ ಎಂದೆಲ್ಲ ಹೇಳಿ ಪ್ರಶಸ್ತಿಪತ್ರವನ್ನು ಮೇಜಿನ ಮೇಲಿಟ್ಟು ದೂರ ಸರಿದರು. ಪಟ್ಟಿ ಸಾಹೇಬರು ಎದೆ ಮುಂದೆ ಮಾಡಿ ನಿಂತರು. ಸೂಜಿ ತನ್ನ ಕಿಟಕಿಯಲ್ಲಿ ನಿಂತಿದ್ದಳು. ಕೈ ಎತ್ತು, ಎತ್ತೋ ಪುಣ್ಯಾತ್ಮ, ಎಂದು ಮನಸ್ಸಿನಲ್ಲಿ ಜಪಿಸುತ್ತಿದ್ದಳು.

ಚಪ್ಪಾಳೆ ಬಂತು. ಪಟ್ಟಿ ಸಾಹೇಬರು ನಾಲ್ಕನೆಯ ಮಹಡಿಯವರಿಗೆ ಕಾಣಲಿ ಎಂದು ಎರಡೂ ಕೈ ಮೇಲೆತ್ತಿ ಬೀಸಿದರು.

ಟಪ್ ಎಂಬ ಸಣ್ಣ ಸದ್ದಾಯಿತು. ಬೆನ್ನ ಮೇಲಿನಿಂದ ಹೊಲಿಗೆ ಬಿಟ್ಟಿತು. ಬಿಳಿಯ ಮೇಲೆ ಕೆಂಪು ದೊ. ಅವರ ಬೆನ್ನ ಹಿಂದಿನ ಬಾಲ್ಕನಿಗಳವರ ಚಪ್ಪಾಳೆ ನಿಂತಿತು. ಅವರು ಪತ್ರ ಎತ್ತಿಕೊಳ್ಳಲು ಬಗ್ಗಿದರು, ಡ್ಡ ಬಂತು. ಬಗ್ಗಿದವರು ಇನ್ನಷ್ಟು ಬಗ್ಗಿದರು, ಮ್ಮ ಬಂತು. ಗಾಳಿ ತಣ್ಣಗೆ ತಗುಲಿದ್ದು ಅವರಿಗೆ ಗೊತ್ತಾಯಿತೋ ಇಲ್ಲವೋ, ಮೈಕು ಹಿಡಿದು ಎಲ್ಲ ಕಡೆಗೂ ತಿರುಗಿ ತಿರುಗಿ ವಂದನೆ ಹೇಳಿದರು. ಹಾಗಾಗಿ ಮೂರೂ ಕಡೆಯವರು ಓದಿದರು.

ಯಾರೂ ನಗಲಿಲ್ಲ. ಸೂಜಿ ನಗು ಬರುತ್ತದೆ ಎಂದುಕೊಂಡಿದ್ದಳು. ಮೊದಲು ಬಾಯಿ ಬಿಟ್ಟವನು ಎರಡನೆಯ ಮಹಡಿಯ ಬ್ಯಾಂಕಿನವನು.

"ನನ್ನ ಸೋದರಮಾವ" ಎಂದ, ಜೋರಾಗಿಯೇ.

"ನನ್ನ ಓರಗಿತ್ತಿ" ಎಂದರು ಮೂರನೆಯ ಮಹಡಿಯ ಟೀಚರಮ್ಮ.

"ನನ್ನ ಷಡ್ಡಕ" ಎಂದ ಮೇಲಿನ ಮುದುಕಪ್ಪ.

"ಅಜ್ಜಿ" ಎಂದಿತು ಒಂದು ಮಗು. ಹೌದಲ್ಲ, ಆ ಚೊಕ್ಕ ಪಟ್ಟಿಯಲ್ಲಿ ಅಜ್ಜಿಗೂ ಜಾಗ ಇರಲಿಲ್ಲ.

ಚಿಕ್ಕಪ್ಪ, ನಾದಿನಿ, ತಾತ, ಸೋದರತ್ತೆ. ಒಂದೊಂದು ಬಾಲ್ಕನಿಯಿಂದ ಒಂದೊಂದು ಮಾತು ಅಂಗಳಕ್ಕೆ ಬಿತ್ತು. ಆ ಮೇಜಿನ ಮುಂದೆ ಕೈ ಮುಗಿದವಳು ತಾನೊಬ್ಬಳೇ ಎಂದು ಸೂಜಿ ಇಷ್ಟು ದಿನ ತಿಳಿದಿದ್ದಳು. ಪಟ್ಟಿ ಸಾಹೇಬರು ಮೈಕು ಹಿಡಿದು ಆ ಕಡೆ ಈ ಕಡೆ ನೋಡುತ್ತಿದ್ದರು. ಕೊನೆಗೆ ಅಧಿಕಾರಿಯೇ ಅವರ ಬೆನ್ನು ತೋರಿಸಿದರು. ಅವರು ಕೈ ಹಿಂದೆ ಚಾಚಿ ಮುಟ್ಟಿ ನೋಡಿಕೊಂಡು, ಬೆನ್ನನ್ನು ಗೋಡೆಯ ಕಡೆ ಮಾಡಿಕೊಂಡು, ಏಡಿಯ ಹಾಗೆ ಅಡ್ಡಡ್ಡ ನಡೆದು ಮೆಟ್ಟಿಲು ಹತ್ತಿದರು. ಸೂಜಿಗೆ ಅಯ್ಯೋ ಪಾಪ ಅನಿಸಲಿಲ್ಲ. ಸಂತೋಷವಾಯಿತು. ಮೂರು ತಿಂಗಳಲ್ಲಿ ಮೊದಲ ಸಲ ಅವಳು ಹೊಟ್ಟೆ ತುಂಬ ಉಂಡಳು.

ಮಾರನೆಯ ಮಧ್ಯಾಹ್ನ ಪಟ್ಟಿ ಸಾಹೇಬರು ಕೋಟನ್ನು ಚೀಲದಲ್ಲಿಟ್ಟುಕೊಂಡು ಕಿಟಕಿಗೆ ಬಂದರು. ಬೈಯುತ್ತಾರೆ ಎಂದುಕೊಂಡು ಅವಳು ನಾಲಿಗೆ ಸಾಣೆ ಹಿಡಿದು ಕೂತಿದ್ದಳು. ಅವರು ಬೈಯಲಿಲ್ಲ.

"ಇದನ್ನ ಬಿಚ್ಚಿ ತೆಗೆದುಬಿಡಮ್ಮ."

"ಏನು ಕಾರಣ ಸಾರ್?"

ಅವರು ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದರು. "ಒಂದು ಮಾತು ಹೇಳ್ಲೇನಮ್ಮ" ಎಂದರು. "ಅವತ್ತು ನೀನು ದೊಡ್ಡ ಅನ್ನೋದನ್ನ ಬಿಟ್ಟು, ಬರೀ ಅಮ್ಮ ಅಂದಿದ್ರೆ ನಾನು ಪಾಸ್ ಬರೆದುಕೊಟ್ಟುಬಿಡ್ತಿದ್ದೆ. ನಾನೇನು ದಾಖಲೆ ಕೇಳ್ತಿದ್ನಾ? ನೀನಾಗೇ ದೊಡ್ಡಮ್ಮ ಅಂದೆ. ಅಂದ ಮೇಲೆ ನಾನೇನು ಮಾಡೋದಮ್ಮ?"

ಅದು ನಿಜವಾಗಿತ್ತು. ಎರಡೇ ಅಕ್ಷರ ನುಂಗಿದ್ದರೆ ಸೇತುವೆ ದಾಟಬಹುದಾಗಿತ್ತು. ಮೂರು ದಿನ, ಮೂರು ಸಲ, ಅವಳ ಬಾಯಿ ತಾನಾಗಿ ದೊಡ್ಡಮ್ಮ ಎಂದೇ ಹೇಳಿತ್ತು. ಸುಳ್ಳು ಹೇಳಬೇಕೆಂದೇ ಹೊಳೆದಿರಲಿಲ್ಲ. ಹೊಳೆದಿದ್ದರೂ, ಆ ಹೆಸರನ್ನು ಕದಿಯಲ್ಲ ಎಂದಿದ್ದವಳಿಗಾಗಿ ಅದೇ ಹೆಸರನ್ನು ಕದಿಯಲು ಬಾಯಿ ಬರುತ್ತಿತ್ತೋ ಇಲ್ಲವೋ. ಅವಳ ಕಣ್ಣು ತುಂಬಿತು. ಅವರ ಮುಂದೆ ತುಂಬಿತಲ್ಲ ಎಂದು ಇನ್ನೂ ಉರಿಯಿತು.

"ನಿಮಗೆ ಎಷ್ಟು ಸುಲಭ ಸಾರ್" ಎಂದಳು. "ಹೊಟ್ಟೆ ಒಳಗೆಳೆದುಕೊಂಡು ನಲವತ್ತು ಅಂತೀರಿ. ನನಗೆ ಹಾಗೆ ಹೇಳೋಕೆ ಬರ್ಲಿಲ್ಲ. ನಿಜ ಹೇಳಿದೆ ನೋಡಿ, ಅದೇ ತಪ್ಪಾಯ್ತು. ಕೊಡಿ ಕೋಟು."

ಅವರು ಕಿಟಕಿಯಿಂದ ಕೊಟ್ಟರು. ಈ ಸಲ ಅವಳು ಅಳತೆ ಕೇಳಲಿಲ್ಲ. ಪಕ್ಕದ ಹೊಲಿಗೆಗಳನ್ನು ಬಿಚ್ಚಿ, ಒಳಗೆ ಮಡಿಸಿದ್ದ ಬಟ್ಟೆಯನ್ನೆಲ್ಲ ಹೊರಗೆ ಬಿಟ್ಟು, ನಲವತ್ತನಾಲ್ಕಕ್ಕೆ ಸರಿಯಾಗಿ ಕೂರಿಸಿದಳು. ಅವರು ಹೊರಗೆ ಸುಣ್ಣದ ವೃತ್ತದಲ್ಲಿ ಬಿಸಿಲಿಗೆ ನಿಂತು ಕಾದರು. ಆಮೇಲೆ ಬಿಳಿ ಪಟ್ಟಿಯನ್ನು ಮುಟ್ಟದೆ, ಅದರ ಮೇಲೆಯೇ ಬೆನ್ನಿನ ಬಟ್ಟೆ ಎಳೆದು, ಹೊಸ ದಾರ ಹಾಕಿ, ಯಂತ್ರ ಓಡಿಸಿದಳು. ಒಮ್ಮೆ ಓಡಿಸಿದಳು, ಅದೇ ಗೆರೆಯ ಮೇಲೆ ಇನ್ನೊಮ್ಮೆ, ಮತ್ತೊಮ್ಮೆ. ಪಟ್ಟಿಯೂ ಬಟ್ಟೆಯೂ ಅಸ್ತರೂ ಒಂದಾದವು.

"ಹೊರಗೆ ಕಾಣಲ್ಲ ಸಾರ್. ಒಳಗಿರುತ್ತೆ" ಎಂದು ಕೋಟು ಚಾಚಿದಳು. "ಇದು ನನ್ನ ಪಕ್ಕಾ ಹೊಲಿಗೆ, ಬಿಡಲ್ಲ. ಅಂಗಡಿಗಳು ತೆರೆದ ಮೇಲೆ ಬೇರೆ ದರ್ಜಿ ಹತ್ರ ಬಿಚ್ಚಿಸ್ಕೊಳ್ಳಿ ಬೇಕಾದ್ರೆ. ಇದ್ಯಾರು ದೊಡ್ಡಮ್ಮ ಅಂತ ಕೇಳ್ತಾನೆ. ಹೇಳಿ."

ಪಟ್ಟಿ ಸಾಹೇಬರು ಕೋಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಹಾಕಿಕೊಂಡರು. ಗುಂಡಿ ಸಲೀಸಾಗಿ ಬಿತ್ತು. ಭುಜದಲ್ಲಿ ಒಂದು ಸುಕ್ಕಿಲ್ಲ, ಬೆನ್ನಿಗೆ ಚರ್ಮದ ಹಾಗೆ ಕೂತಿತ್ತು. ಅವರು ಕೈ ಅಲ್ಲಾಡಿಸಲಿಲ್ಲ.

"ಸರಿಯಾಗಿದೆಯಾ ಸಾರ್?"

"ಸರಿಯಾಗಿದೆ" ಎಂದರು. ಅಮ್ಮ ಅನ್ನಲಿಲ್ಲ.